ಮಾವಿನ ತೋಟಕ್ಕೊಂದು ವೆಬ್‌ಸೈಟ್

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ಹಣ್ಣಿಗೆ ಎರಡು ಬೆಲೆ. ಮಂಡಿಯಲ್ಲಿ ಹರಾಜಾಗುವಾಗ ಒಂದು, ಬೆಂಗಳೂರಿನ ಮನೆ ಬಾಗಿಲಿಗೆ ತಳ್ಳುಗಾಡಿಯಲ್ಲಿ ಬರುವಾಗ ಇನ್ನೊಂದು. ನಡುವಿನ ಹಣ ಎಲ್ಲಿ ಹೋಯಿತು ಎಂದು ಕೇಳಿದರೆ ಲಾರಿ ಬಾಡಿಗೆ, ಕೂಲಿ, ಕಮಿಷನ್, ಕೊಳೆತು ಹೋದ ಪಾಲು ಎಂದು ಉದ್ದದ ಪಟ್ಟಿ ಒಪ್ಪಿಸುತ್ತಾರೆ. ಪಟ್ಟಿ ಸುಳ್ಳೇನಲ್ಲ. ಆದರೂ ಗಿಡಕ್ಕೆ ನೀರು ಹೊತ್ತು ಮರ ಮಾಡಿದವನ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ.

ನನ್ನ ಊರು ರಾಯಲ್ಪಾಡು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿ, ಆಂಧ್ರದ ಗಡಿ ಇಲ್ಲಿಂದ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ಎರಡೂ ನಡೆಯುತ್ತವೆ. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ತನ್ನ ಜಿಲ್ಲೆಯೊಳಗೆ ಬರಕೂಡದು ಎಂದು ಆದೇಶ ಹೊರಡಿಸಿತು. ಅಲ್ಲಿನ ತಿರುಳು ತೆಗೆಯುವ ಕಾರ್ಖಾನೆಗಳನ್ನೇ ನಂಬಿಕೊಂಡಿದ್ದ ನಮ್ಮ ಬೆಳೆಗಾರರ ಕಾಯಿ ಮರದಲ್ಲೇ ನಿಂತಿತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು.

ನಮ್ಮ ಪಕ್ಕದ ತೋಟದವರಿಗೆ ನಾಲ್ಕು ಎಕರೆ ಮಾವು. ಹೆಚ್ಚಿನದು ತೋತಾಪುರಿ. ಬದುವಿನ ಕಡೆ ಒಂದಿಷ್ಟು ಬಾದಾಮಿ, ಮಲ್ಲಿಕಾ, ನೀಲಂ. ಆ ಹೊತ್ತಿಗೆ ಬಾದಾಮಿ ಮುಗಿಯುತ್ತ ಬಂದಿತ್ತು. ಮಲ್ಲಿಕಾ, ನೀಲಂ ಕೀಳಲು ಇನ್ನು ಮೂರು ವಾರ ಉಳಿದಿತ್ತು. ಬೋರ್‌ವೆಲ್ ಸಾಲದ ಕಂತು ತಲೆಯ ಮೇಲೆ. ಒಂಬತ್ತನೇ ತರಗತಿಯ ಮೊಮ್ಮಗಳು, "ತಾತ, ನಾವೇ ವೆಬ್‌ಸೈಟ್ ಮಾಡಿ ಬೆಂಗಳೂರಿಗೆ ಮಾರೋಣ" ಎಂದು ಹಟ ಹಿಡಿದಳು. ಅವಳ ತಾತ ನನ್ನನ್ನು ಕರೆಸಿ, "ಸಾರ್, ನೀವು ಬ್ಯಾಂಕಲ್ಲಿದ್ದೋರು. ಈ ಹುಡುಗಿ ಹೇಳೋದು ಆಗೋ ಮಾತಾ ನೋಡಿ" ಎಂದರು.

ನನಗೆ ವೆಬ್‌ಸೈಟ್ ಕಟ್ಟಲು ಬರುವುದಿಲ್ಲ. ಅದನ್ನು ಅವಳೂ, ಬೆಂಗಳೂರಿನಲ್ಲಿ ಓದುವ ಅವಳ ಅಣ್ಣನೂ ನೋಡಿಕೊಂಡರು. ಕೌಂಟರಿನ ಹಿಂದೆ ಮೂವತ್ತು ವರ್ಷಕ್ಕೂ ಮೇಲೆ ಕುಳಿತವನಿಗೆ ಗಿರಾಕಿ ಏನು ಕೇಳುತ್ತಾನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಗಿರಾಕಿಯ ಪಾತ್ರ ವಹಿಸಿದೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಕೊಂಡೆವು. ಟನ್‌ಗಟ್ಟಲೆ ತೋತಾಪುರಿ ವೆಬ್‌ಸೈಟಿನಲ್ಲಿ ಖರ್ಚಾಗುವುದಿಲ್ಲ, ಅದು ಲಾರಿ ಮತ್ತು ಕಾರ್ಖಾನೆಯ ವ್ಯವಹಾರ. ಮನೆಯವರು ಕತ್ತರಿಸಿ ತಿನ್ನುವ ಹಣ್ಣನ್ನು ಬಾಕ್ಸ್ ಲೆಕ್ಕದಲ್ಲಿ ಮಾರಬಹುದು. ಇದೇನೂ ಹೊಸ ಸಂಗತಿಯಲ್ಲ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವೇ 'ಕರ್ಸಿರಿ' ಎಂಬ ತಾಣ ನಡೆಸುತ್ತದೆ. ಅಲ್ಲಿ ರೈತರು ನೇರವಾಗಿ ಹಣ್ಣು ಮಾರುತ್ತಾರೆ, ಅಂಚೆಯಣ್ಣ 3 ಕಿಲೋ ಬಾಕ್ಸನ್ನು ಮನೆಗೆ ತಂದುಕೊಡುತ್ತಾನೆ. ಸ್ವಂತ ತಾಣ ಬೇಡವೆನ್ನುವವರಿಗೆ ಅದೇ ಸಾಕು. ವರ್ಷ ವರ್ಷವೂ ಕೇಳಿ ಬರುವ ಗಿರಾಕಿಗಳನ್ನು ಕಟ್ಟಿಕೊಳ್ಳಬೇಕು ಎನ್ನುವವರಿಗೆ ಸ್ವಂತದ್ದು.

ಹುಡುಗಿ ಎರಡೇ ದಿನದಲ್ಲಿ ಒಂದು ತಾಣ ಸಿದ್ಧ ಮಾಡಿ ತೋರಿಸಿದಳು. ಹಸಿರು ಹಿನ್ನೆಲೆ, ಹಳದಿ ಅಕ್ಷರ, ಮೇಲಿನಿಂದ ಉದುರುವ ಎಲೆಗಳು, ಹಿಂದೆ ಕೊಳಲಿನ ನಾದ, ಪೇಟ ಸುತ್ತಿದ ತಾತನ ದೊಡ್ಡ ಫೋಟೊ. ನೋಡಲು ಮದುವೆ ಚಪ್ಪರದ ಹಾಗಿತ್ತು. "ಚೆನ್ನಾಗಿದೆ ಕಂದ, ಬಾಕ್ಸಿಗೆ ಎಷ್ಟು?" ಎಂದು ಕೇಳಿದೆ. ಬೆಲೆ ಮೂರನೇ ಪುಟದಲ್ಲಿತ್ತು. "ಮೈಸೂರಿಗೆ ಕಳಿಸ್ತೀರಾ?" ಎಂದೆ. ಅದು ಎಲ್ಲೂ ಇರಲಿಲ್ಲ.

ಬ್ಯಾಂಕಿಗೆ ಬಂದವನು ಗೋಡೆಯ ಮೇಲಿನ ಸಂಸ್ಥಾಪಕರ ಫೋಟೊ ನೋಡಲು ಬಂದಿರುವುದಿಲ್ಲ. ಹಣ ಕಟ್ಟುವುದು ಎಲ್ಲಿ, ತೆಗೆಯುವುದು ಎಲ್ಲಿ, ಎಷ್ಟು ಗಂಟೆಯವರೆಗೆ ಎಂಬುದು ಅವನಿಗೆ ಬಾಗಿಲಲ್ಲೇ ಕಾಣಬೇಕು. ವೆಬ್‌ಸೈಟಿಗೂ ಇದೇ ಲೆಕ್ಕ. ಫೋನಿನಲ್ಲಿ ತೆರೆದ ಕೂಡಲೇ, ಬೆರಳಿನಿಂದ ಸರಿಸುವ ಮೊದಲೇ, ಯಾವ ಹಣ್ಣು, ಬಾಕ್ಸಿನಲ್ಲಿ ಎಷ್ಟು ಕಿಲೋ, ಬೆಲೆ ಎಷ್ಟು, ಯಾವ ಊರಿಗೆ, ಯಾವ ದಿನ ಎಂಬುದು ಕಾಣುವಂತೆ ಬರೆದಳು. "ಬೆಂಗಳೂರು ನಗರಕ್ಕೆ ಮಾತ್ರ, ಮಂಗಳವಾರ ಮತ್ತು ಶನಿವಾರ." ಟೊಮೆಟೊ ಹೇರಿಕೊಂಡು ಹೋಗುವ ಗೂಡ್ಸ್ ಗಾಡಿ ವಾರಕ್ಕೆ ಎರಡೇ ಸಲ ಹೋಗುತ್ತದೆ, ಅದಕ್ಕೆ. ಕೊಳಲು ಹೋಯಿತು, ಎಲೆಗಳೂ ಹೋದವು. ತಾತನ ಫೋಟೊ ಚಿಕ್ಕದಾಗಿ ಕೆಳಗೆ ಉಳಿಯಿತು. ಹಣ್ಣು ಯಾರದು ಎಂದು ತಿಳಿಯಲು ಒಂದು ಮುಖ ಬೇಕಲ್ಲ! ಪ್ರಪಂಚದ ಮೊಟ್ಟಮೊದಲ ವೆಬ್‌ಸೈಟ್ ಅನ್ನು ಟಿಮ್ ಬರ್ನರ್ಸ್-ಲೀ 1991ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ತೆರೆದಾಗ ಅದರಲ್ಲಿ ಒಂದೂ ಚಿತ್ರವಿರಲಿಲ್ಲ, ಬರೀ ಅಕ್ಷರ ಮತ್ತು ಕೊಂಡಿಗಳು.

ಇನ್ನು ಫೋಟೊಗಳ ತೂಕ. ಮಕ್ಕಳೇ, ಇಲ್ಲಿ ಒಂದು ಸಣ್ಣ ಗುಣಾಕಾರವಿದೆ, ಪೆನ್ಸಿಲ್ ತೆಗೆದುಕೊಳ್ಳಿ. ಫೋನಿನಲ್ಲಿ ತೆಗೆದ ಒಂದು ಫೋಟೊ 4 ಮೆಗಾಬೈಟ್ ಎಂದುಕೊಳ್ಳೋಣ. ಹುಡುಗಿ ಹಾಕಿದ್ದು ಹತ್ತು, ಅಂದರೆ 40 ಮೆಗಾಬೈಟ್. ಫೋಟೊದ ತೂಕ ಹೇಳುವುದು ಬೈಟಿನಲ್ಲಿ, ಇಂಟರ್ನೆಟ್ ವೇಗ ಹೇಳುವುದು ಬಿಟ್ಟಿನಲ್ಲಿ. ಒಂದು ಬೈಟಿಗೆ 8 ಬಿಟ್. 40 ಗುಣಿಸು 8 ಎಂದರೆ 320. ಸಿಗ್ನಲ್ ಸೊರಗಿ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಬರುತ್ತಿದ್ದರೆ ಆ ಪುಟ ಪೂರ್ತಿ ತೆರೆಯಲು 320 ಸೆಕೆಂಡ್, ಐದು ನಿಮಿಷ ಮೀರಿತು. ಅಷ್ಟು ಹೊತ್ತು ಕಾಯುವವರು ಯಾರು? ಹಿಂದೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು ನಿಜ. ಬೇರೆ ದಾರಿ ಇರಲಿಲ್ಲ, ಕಾಯುತ್ತಿದ್ದರು. ಹತ್ತರಲ್ಲಿ ಮೂರು ಫೋಟೊ ಆರಿಸಿ, ಒಂದೊಂದನ್ನೂ 150 ಕಿಲೋಬೈಟಿಗೆ ಇಳಿಸಿದ ಮೇಲೆ ನಾಲ್ಕು ಸೆಕೆಂಡಿಗೆ ಬಂತು. ಫೋನಿನ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲಿಲ್ಲ. ಮೊಮ್ಮಗಳ ಕಣ್ಣಿಗೂ ಕಾಣಲಿಲ್ಲವಂತೆ.

ಹಸಿರಿನ ಮೇಲೆ ಹಳದಿ ಅಕ್ಷರದ ಪರೀಕ್ಷೆಯನ್ನು ತೋಟದಲ್ಲೇ ಮಾಡಿದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಫೋನ್ ಹಿಡಿದು ನಿಂತರೆ ಪರದೆ ಖಾಲಿ ಹಾಳೆಯಂತೆ ಕಂಡಿತು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ ತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮಗೆ ಬಿಳಿಯ ಮೇಲೆ ಕಪ್ಪು ಸಾಕಾಯಿತು. ನನ್ನಂಥ ಕನ್ನಡಕದವರು ಓದುತ್ತಾರೆಂದು ಅಕ್ಷರವನ್ನೂ ದೊಡ್ಡದು ಮಾಡಿಸಿದೆ. ಹಣ್ಣಿಗೆ ದುಡ್ಡು ಕೊಡುವವರು ಮಕ್ಕಳಾದರೂ ಯಾವ ಹಣ್ಣು ಎಂದು ಹೇಳುವವರು ಮನೆಯ ಹಿರಿಯರೇ.

ಅಣ್ಣ ಬೆಲೆಪಟ್ಟಿಯನ್ನು ಚಂದದ ಚಿತ್ರವಾಗಿ ಮಾಡಿ ಅಂಟಿಸಿದ್ದ. ಚಿತ್ರದೊಳಗಿನ ಅಕ್ಷರವನ್ನು ಬೆರಳಲ್ಲಿ ಒತ್ತಿ ಪ್ರತಿ ಮಾಡುವುದು ಸುಲಭವಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಹಾಗಾಗಿ ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿಸಿದೆ. ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದರೆ ಆ ಫಾಂಟ್ ಇಲ್ಲದವರಿಗೆ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ. ಫೋನ್ ನಂಬರೂ ಅಕ್ಷರದಲ್ಲೇ ಇರಬೇಕು, ಮುಟ್ಟಿದರೆ ಕರೆ ಹೋಗಬೇಕು.

ನಮ್ಮೂರಿನ ಹೆಸರಿನದ್ದೇ ಒಂದು ಪಜೀತಿ. ಇಂಗ್ಲಿಷಿನಲ್ಲಿ ಕೆಲವರು 'ರಾಯಲ್ಪಾಡ್' ಎಂದೂ ಕೆಲವರು ರಾಜಮನೆತನದ 'ರಾಯಲ್' ಎಂಬಂತೆಯೂ ಬರೆಯುತ್ತಾರೆ. ಹುಡುಕುವವರು ಯಾವುದನ್ನಾದರೂ ಟೈಪ್ ಮಾಡಿಯಾರು ಎಂದು ಪುಟದ ಕೆಳಗೆ ವಿಳಾಸದಲ್ಲಿ ಎರಡೂ ಕಾಗುಣಿತ ಸೇರಿಸಿದೆವು. ತಾಣದ ಹೆಸರಿಗೆ ಮಾತ್ರ ಊರಿನ ಹೆಸರು ಬೇಡವೆಂದೆ. ಫೋನಿನಲ್ಲಿ ಹೇಳಿದರೆ ಕೇಳಿಸಿಕೊಂಡವರು ತಪ್ಪಿಲ್ಲದೆ ಬರೆಯಬೇಕಲ್ಲವೇ?

ಆ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂಬುದಕ್ಕೆ ಪಹಣಿಯಷ್ಟೇ ಮಹತ್ವ. ನನಗೆ ಗೊತ್ತಿರುವ ಒಬ್ಬ ಅಂಗಡಿಯವರ ತಾಣವನ್ನು ಕಟ್ಟಿಕೊಟ್ಟವನು ತನ್ನ ಹೆಸರಿನಲ್ಲೇ ನೋಂದಾಯಿಸಿ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ವರ್ಷ ತುಂಬಿತು, ಹಣ ಕಟ್ಟಿ ನವೀಕರಿಸುವವರಿಲ್ಲದೆ ಹೆಸರು ಹೋಯಿತು. ಅದೇ ಹೆಸರನ್ನು ಬೋರ್ಡಿಗೂ ಬಿಲ್ಲಿಗೂ ಅಚ್ಚು ಹಾಕಿಸಿದ್ದರು, ಪಾಪ. ಇಲ್ಲಿ ಹುಡುಗಿಯ ತಂದೆಯ ಹೆಸರಿನಲ್ಲಿ, ಅವರದೇ ಇಮೇಲಿನಲ್ಲಿ ಮಾಡಿಸಿ, ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿದೆ.

ಆರ್ಡರ್ ಫಾರಂ ನೋಡಿದಾಗ ನನಗೆ ಬ್ಯಾಂಕಿನ ಹಳೆಯ ಅರ್ಜಿಗಳು ನೆನಪಾದವು. ಹನ್ನೊಂದು ಖಾನೆ. ಹುಟ್ಟಿದ ದಿನ ಕೂಡ ಕೇಳಿದ್ದಳು! "ಹಣ್ಣು ತಿನ್ನೋಕೆ ಹುಟ್ಟಿದ ದಿನ ಯಾಕಮ್ಮ?" ಎಂದರೆ, "ಎಲ್ಲರೂ ಕೇಳ್ತಾರೆ ತಾತ" ಎಂದಳು. ಹೆಸರು, ಫೋನ್, ಪಿನ್‌ಕೋಡ್ ಸಹಿತ ವಿಳಾಸ, ಎಷ್ಟು ಬಾಕ್ಸ್, ಈ ನಾಲ್ಕನ್ನು ಬಿಟ್ಟು ಉಳಿದದ್ದೆಲ್ಲ ತೆಗೆಸಿದೆ. ಬೇಡದ ಮಾಹಿತಿ ತೆಗೆದುಕೊಂಡರೆ ಅದನ್ನು ಕಾಯುವ ಕೆಲಸವೂ ನಮ್ಮ ಮೈಮೇಲೆ ಬರುತ್ತದೆ.

ಜಗಳವಾದದ್ದು ಒಂದೇ ವಿಷಯಕ್ಕೆ. ಅಣ್ಣ ಪುಟದ ಮೇಲೆ ಹಿಂದಕ್ಕೆ ಓಡುವ ಗಡಿಯಾರ ಕೂರಿಸಿ, 'ಇನ್ನು 2 ಬಾಕ್ಸ್ ಮಾತ್ರ, ಬೇಗ ಮಾಡಿ' ಎಂದು ಕೆಂಪಕ್ಷರದಲ್ಲಿ ಬರೆದಿದ್ದ. ದೊಡ್ಡ ದೊಡ್ಡವರೇ ಹೀಗೆ ಮಾರುವಾಗ ನಮಗೇನು ಎಂಬುದು ಅವನ ವಾದ. ಮೂರೇ ವಾರ ಉಳಿದಿದೆ, ಕಂತು ಕಟ್ಟಬೇಕು ಎಂಬ ಆತಂಕವೂ ಅವನದು, ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ. ನಾನು ಕಾನೂನು ಹೇಳಿದೆ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಿರಾಕಿಯನ್ನು ಯಾಮಾರಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಇದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು, ಗೊತ್ತಾಗದಂತೆ ಬುಟ್ಟಿಗೆ ಹೆಚ್ಚುವರಿ ವಸ್ತು ಸೇರಿಸುವುದು ಇನ್ನೊಂದು. ಗಿರಾಕಿಯ ಪರವಾಗಿ ನಾವೇ ಮೊದಲೇ ಟಿಕ್ ಹಾಕಿಟ್ಟು ಅದನ್ನು ಒಪ್ಪಿಗೆ ಎನ್ನುವುದನ್ನು 2020ರ ಇ-ಕಾಮರ್ಸ್ ನಿಯಮಗಳೇ ನಿಷೇಧಿಸಿವೆ. ಹುಡುಗ ಬಗ್ಗಲಿಲ್ಲ. ಕೊನೆಗೆ ಅವನ ತಾತ ಹೊರಗೆ ಕೈ ತೋರಿಸಿ, "ಎರಡೇ ಬಾಕ್ಸು ಅಂತೀಯಲ್ಲೋ, ಆ ಮರದಾಗೆ ಕಾಣೋದೇನು?" ಎಂದರು. ಗಡಿಯಾರ ಹೋಯಿತು.

ಹಣ್ಣಿನ ಬಗ್ಗೆ ಬರೆದದ್ದೂ ತಾತನ ಮಾತುಗಳೇ. 'ಶೇಕಡಾ 100 ಸಾವಯವ' ಎಂದು ಹುಡುಗಿ ಬರೆದಿದ್ದನ್ನು ಅಳಿಸಿ, "ಹೂ ಬಿಡುವಾಗ ಜಿಗಿಹುಳಕ್ಕೆ ಔಷಧಿ ಹೊಡೆದಿದ್ದೇವೆ. ಹಣ್ಣು ಮಾಡಲು ಕಾರ್ಬೈಡ್ ಹಾಕುವುದಿಲ್ಲ. ಬಲಿತ ಕಾಯಿ ಕಳಿಸುತ್ತೇವೆ, ನಾಲ್ಕೈದು ದಿನ ಹುಲ್ಲಿನಲ್ಲಿಟ್ಟು ಕಾಯಿರಿ" ಎಂದು ಬರೆಸಿದರು. ಕಾರ್ಬೈಡಿನಿಂದ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ. ಔಷಧಿಯ ಮಾತು ಓದಿ ಗಿರಾಕಿ ಓಡಿಹೋಗುತ್ತಾರೆ ಎಂದು ಅಣ್ಣ ಹೆದರಿದ್ದ. ಫೋನ್ ಮಾಡಿದ ಒಬ್ಬ ಅಜ್ಜಿ, ಆ ಸಾಲು ಓದಿದ್ದಕ್ಕೇ ಎರಡು ಬಾಕ್ಸ್ ಹೇಳುತ್ತಿದ್ದೇನೆ ಎಂದರು.

ಹಣ ಬರಲು ಯುಪಿಐ ಚೌಕ ಹಾಕಿದರು. ಒಬ್ಬ ಆಸಾಮಿ ಫೋನ್ ಮಾಡಿ, "ಹಣ ಕಳಿಸಿದ್ದೇನೆ, ಬರಬೇಕಾದರೆ ನೀವು ಪಿನ್ ಒತ್ತಿ" ಎಂದ. ಅಜ್ಜ-ಅಜ್ಜಿಯರೇ, ಇದೊಂದನ್ನು ನೆನಪಿಡಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ಹಣ ಹೋಗುತ್ತದೆ. ಹುಡುಗಿ ಅಷ್ಟು ಹೊತ್ತಿಗೆ ನನ್ನ ಪಾಠ ಕೇಳಿದ್ದಳು, ಫೋನ್ ಇಟ್ಟಳು.

ಮೂರು ವಾರದಲ್ಲಿ 61 ಬಾಕ್ಸ್ ಹೋಯಿತು, ಅಂದರೆ 183 ಕಿಲೋ. ತೋತಾಪುರಿಯ ನಷ್ಟದ ಮುಂದೆ ಅದು ಮೂಗುತಿಯಷ್ಟು. ಬೋರ್‌ವೆಲ್ಲಿನ ಒಂದು ಕಂತಿಗೆ ಮಾತ್ರ ಸರಿಹೋಯಿತು. ಕೊನೆಯ ಗಾಡಿ ಹೊರಟ ಸಂಜೆಯೇ ಹುಡುಗಿಯನ್ನು ಕೂರಿಸಿ ಬೆಲೆಪಟ್ಟಿ ತೆಗೆಸಿದೆ. ಮುಗಿದ ಹಣ್ಣಿನ ಬೆಲೆ ಪುಟದಲ್ಲಿ ನಿಂತಿದ್ದರೆ ಯಾರಾದರೂ ಹಣ ಹಾಕಿಬಿಡುತ್ತಾರೆ, ಹಿಂದಿರುಗಿಸುವ ತಾಪತ್ರಯ ಬೇರೆ. ಈಗ ಅಲ್ಲಿ ಮೂರು ಸಾಲಿದೆ: "ಈ ವರ್ಷದ ಹಣ್ಣು ಮುಗಿಯಿತು. ಬಾದಾಮಿ ಮುಂದಿನ ಮೇ ತಿಂಗಳಲ್ಲಿ. ತಿಳಿಸಬೇಕೆಂದರೆ ನಿಮ್ಮ ನಂಬರ್ ಬಿಡಿ." ಅದರ ಕೆಳಗೆ, ಪಾಸ್‌ಬುಕ್ಕಿನ ಕೊನೆಯ ನಮೂದಿನ ಹಾಗೆ, ತಾರೀಖು.