ಮಗುವಿನ ಜ್ವರ: ವೈದ್ಯರ ಬಳಿಗೆ ಯಾವಾಗ?

ಮಗುವಿನ ಮೈ ಬಿಸಿಯಾಯಿತೆಂದರೆ ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದು 'ಜ್ವರ ಎಷ್ಟಿದೆ?' ಎಂದು. 101 ಎಂದರೆ ಸ್ವಲ್ಪ ಸಮಾಧಾನ, 103 ಎಂದರೆ ಗಾಬರಿ. ಈ ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ವೈದ್ಯರ ಬಳಿಗೆ ಹೋಗಬೇಕೇ ಬೇಡವೇ ಎಂಬುದನ್ನು ಅದೊಂದರಿಂದಲೇ ನಿರ್ಧರಿಸಿದರೆ ಮೋಸಹೋಗುವ ಸಂಭವ ಹೆಚ್ಚು. 103 ಡಿಗ್ರಿ ಜ್ವರವಿದ್ದೂ ನೀರು ಕುಡಿದು, ಆಗಾಗ ಎದ್ದು ಆಡುವ ನಾಲ್ಕು ವರ್ಷದ ಮಗು ಬೆಳಗಿನವರೆಗೆ ಕಾಯಬಹುದು. 100.5 ಡಿಗ್ರಿಯಷ್ಟೇ ಇರುವ ಎರಡು ತಿಂಗಳ ಕೂಸು ಕಾಯುವಂತಿಲ್ಲ. ಡೆಂಗಿ ತಗುಲಿದ ಮಗುವಿಗಂತೂ ಜ್ವರ ಇಳಿದ ದಿನವೇ ಅಪಾಯದ ದಿನವಾಗಿರಬಹುದು. ಹೀಗೇಕೆ ಎಂದು ತಿಳಿಯಬೇಕಾದರೆ ಜ್ವರ ಬರುವ ಬಗೆಯನ್ನು ಸ್ವಲ್ಪ ನೋಡಬೇಕು.

ನಮ್ಮ ಮಿದುಳಿನಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ದೇಹದ ತಾಪವನ್ನು ಒಂದು ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ಮಾಡುವ ಕೆಲಸವೇ ಇದು. ರೋಗಾಣುಗಳು ದೇಹವನ್ನು ಹೊಕ್ಕಾಗ ಬಿಳಿ ರಕ್ತಕಣಗಳು ಕೆಲವು ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಪ್ರಭಾವದಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗಿ, ಹೈಪೊಥಲಾಮಸ್ ತನ್ನ ಮಟ್ಟವನ್ನು 37 ಡಿಗ್ರಿ ಸೆಲ್ಸಿಯಸ್‌ನಿಂದ 39ಕ್ಕೋ 40ಕ್ಕೋ ಏರಿಸಿಕೊಳ್ಳುತ್ತದೆ. ಈಗ ದೇಹಕ್ಕೆ 37 ಡಿಗ್ರಿಯೇ 'ಚಳಿ'. ಆದ್ದರಿಂದಲೇ ಜ್ವರ ಏರುವಾಗ ಮೈ ನಡುಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಪ್ಯಾರಸಿಟಮಾಲ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆದು ಮಟ್ಟವನ್ನು ಕೆಳಗಿಳಿಸುತ್ತದೆ. ರೋಗಾಣುವಿಗೆ ಅದು ಏನೂ ಮಾಡುವುದಿಲ್ಲ. ಔಷಧಿಗೆ ಜ್ವರ ಇಳಿಯಿತು ಎಂದಮಾತ್ರಕ್ಕೆ ಕಾಯಿಲೆ ಚಿಕ್ಕದು ಎನ್ನುವಂತಿಲ್ಲ. ಇಳಿಯಲಿಲ್ಲ ಎಂದಮಾತ್ರಕ್ಕೆ ದೊಡ್ಡದು ಎಂದೂ ಅಲ್ಲ.

ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವೈದ್ಯ ಕಾರ್ಲ್ ವುಂಡರ್ಲಿಶ್ ಸುಮಾರು 25,000 ರೋಗಿಗಳ ದೇಹತಾಪವನ್ನು ಮತ್ತೆ ಮತ್ತೆ ಅಳೆದು 1868ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಜ್ವರವೇ ರೋಗವೆಂದು ನಂಬಿದ್ದ ಕಾಲದಲ್ಲಿ, ಅದು ರೋಗದ ಲಕ್ಷಣ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಇಂಥ ಅಳತೆಗಳಿಂದ. ನಮ್ಮ ಮನೆಗಳಲ್ಲಿ ಆ ತಿಳಿವಳಿಕೆ ಇನ್ನೂ ಪೂರ್ತಿ ಬೇರೂರಿಲ್ಲವೆಂದೇ ಹೇಳಬೇಕು.

ಅಳೆಯುವುದು ಹೇಗೆ?

ಅಂಗೈ ಇಟ್ಟು ನೋಡಿದರೆ ಜ್ವರದ ಅನುಮಾನ ಬರುತ್ತದೆ, ಅಷ್ಟೆ. ಔಷಧಿ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಕಂಕುಳಿನ ಬೆವರು ಒರೆಸಿ, ಅದರ ತುದಿ ಚರ್ಮಕ್ಕೆ ತಾಗುವಂತಿಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಶಬ್ದ ಬರುವವರೆಗೆ ಕಾಯಿರಿ. ದೇಹದ ಒಳಗಿನ ತಾಪ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಕಂಕುಳಿನ ಅಳತೆ ಇದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ಬರುವುದರಿಂದ ಅಲ್ಲಿ 37.5 (99.5 ಫ್ಯಾರನ್‌ಹೀಟ್) ಇದ್ದರೂ ಜ್ವರವೆಂದೇ ಎಣಿಸಬೇಕು. ಈ ಲೇಖನದಲ್ಲಿ ಮುಂದೆ ಬರುವ ಅಂಕಿಗಳನ್ನೆಲ್ಲ ಫ್ಯಾರನ್‌ಹೀಟ್‌ನಲ್ಲೇ ಕೊಟ್ಟಿದೆ.

ಮೊದಲು ನೋಡಬೇಕಾದದ್ದು ವಯಸ್ಸು

ಮೂರು ತಿಂಗಳು ತುಂಬದ ಕೂಸಿನ ವಿಷಯದಲ್ಲಿ ಮಾತ್ರ ಥರ್ಮಾಮೀಟರಿನ ಅಂಕಿಯೇ ತೀರ್ಪು. ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರಕ್ತದಲ್ಲಿ ನಂಜು, ಮೂತ್ರದ ಸೋಂಕು, ಮಿದುಳಪೊರೆಯ ಉರಿಯೂತ ಇವು ಯಾವ ಸದ್ದೂ ಇಲ್ಲದೆ ಬರಬಹುದು. ನೋಡಲು ಚೆನ್ನಾಗಿಯೇ ಕಾಣುವ ಕೂಸು ಕೆಲವೇ ಗಂಟೆಗಳಲ್ಲಿ ಕುಸಿಯುವುದುಂಟು. ಕುಲಾವಿ, ದಪ್ಪ ಬಟ್ಟೆ ಹಾಕಿದ್ದರೆ ಬಿಚ್ಚಿ, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಆಗಲೂ ಜ್ವರವಿದ್ದರೆ ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ನೀವಾಗಿಯೇ ಪ್ಯಾರಸಿಟಮಾಲ್ ಕೊಟ್ಟು ಕಾಯಬೇಡಿ; ಅದು ಇರುವ ಒಂದೇ ಸುಳಿವನ್ನೂ ಮರೆಮಾಡುತ್ತದೆ. ಇನ್ನೊಂದು ಮಾತು: ಇಷ್ಟು ಎಳೆಯ ಕೂಸಿಗೆ ಸೋಂಕು ತಗುಲಿದಾಗ ಮೈ ಬಿಸಿಯಾಗುವ ಬದಲು ತಣ್ಣಗಾಗಲೂಬಹುದು. ಹಾಲು ಬಿಟ್ಟು, ಮಂಕಾಗಿ, ಮೈ ತಣ್ಣಗಿರುವ ಕೂಸು ಜ್ವರದ ಕೂಸಿನಷ್ಟೇ ತುರ್ತಿನದು.

ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಯ ನಂತರ ಒಂದೆರಡು ದಿನ ಮೈ ಬಿಸಿಯಾಗುವುದು ಸಾಮಾನ್ಯ. ಅದಕ್ಕೆ ಏನು ಕೊಡಬೇಕೆಂದು ಲಸಿಕೆ ಹಾಕಿದ ಆರೋಗ್ಯ ಕಾರ್ಯಕರ್ತೆಯನ್ನು ಅಲ್ಲೇ ಕೇಳಿಕೊಳ್ಳಿ. ಕೂಸು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ ಎರಡು ದಿನ ದಾಟಿದರೆ 'ಲಸಿಕೆಯ ಜ್ವರ' ಎಂದು ಸುಮ್ಮನಿರಬೇಡಿ. ಹಾಗೆಯೇ 'ಹಲ್ಲು ಬರುತ್ತಿದೆ, ಅದಕ್ಕೇ ಜ್ವರ' ಎಂಬ ಮಾತು. ಹಲ್ಲು ಮೂಡುವಾಗ ಮಗು ಕಿರಿಕಿರಿ ಮಾಡೀತು, ಜೊಲ್ಲು ಸುರಿಸೀತು, 100.4 ಮೀರಿದ ಜ್ವರಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು.

ಮೂರರಿಂದ ಆರು ತಿಂಗಳ ಮಗುವಿಗೆ 102 ಇದ್ದರೆ ಅದೇ ದಿನ ತೋರಿಸುವುದು ಒಳ್ಳೆಯದು. ಯಾವ ವಯಸ್ಸಿನಲ್ಲಾದರೂ 104 ಮುಟ್ಟಿದರೆ ತಡಮಾಡಬೇಡಿ. ಉಳಿದಂತೆ, ಎರಡು ವರ್ಷದೊಳಗಿನ ಮಗುವಿನ ಜ್ವರ ಒಂದು ದಿನ ದಾಟಿದರೆ, ಅದಕ್ಕಿಂತ ದೊಡ್ಡ ಮಗುವಿನದು ಮೂರು ದಿನ ದಾಟಿದರೆ ಮಗು ಚೆನ್ನಾಗಿ ಕಂಡರೂ ವೈದ್ಯರ ಸಲಹೆ ಬೇಕು.

ಮಗುವನ್ನು ನೋಡಿ

ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗುವೇ ಹೆಚ್ಚು ಹೇಳುತ್ತದೆ. ಜ್ವರ ಏರಿದಾಗ ಯಾವ ಮಗುವಾದರೂ ಮಂಕಾಗಿ ಮಲಗುತ್ತದೆ. ಪ್ಯಾರಸಿಟಮಾಲ್ ಕೊಟ್ಟು ಒಂದು ಗಂಟೆಯ ಮೇಲೆ, ಬಿಸಿ ಸ್ವಲ್ಪ ಇಳಿದಾಗ ಮತ್ತೆ ನೋಡಿ. ಅಮ್ಮನ ಮುಖ ನೋಡಿ ನಗುತ್ತದೆಯೇ, ಆಟದ ಸಾಮಾನಿಗೆ ಕೈ ಚಾಚುತ್ತದೆಯೇ, ಲೋಟ ಕೊಟ್ಟರೆ ಕುಡಿಯುತ್ತದೆಯೇ? ಹಾಗಾದರೆ ಸಮಯವಿದೆ. ಬಿಸಿ ಇಳಿದ ಮೇಲೂ ಮಗು ಬಟ್ಟೆಯ ಗೊಂಬೆಯಂತೆ ಬಿದ್ದಿದ್ದರೆ, ಎತ್ತಿಕೊಂಡರೂ ಸಮಾಧಾನವಾಗದೆ ಅಳುತ್ತಿದ್ದರೆ ಸಮಯವಿಲ್ಲ.

ಉಸಿರನ್ನು ಎಣಿಸುವುದು ಪ್ರತಿಯೊಬ್ಬ ತಾಯಿತಂದೆಯೂ ಕಲಿಯಬೇಕಾದ ವಿದ್ಯೆ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಗುಳಿಬೀಳುತ್ತಿದ್ದರೆ, ನರಳುವ ಶಬ್ದ ಬರುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಮೂತ್ರದ ಲೆಕ್ಕವೂ ಇರಲಿ. ಜ್ವರದಲ್ಲಿ ನೀರು ಬೇಗ ಖರ್ಚಾಗುತ್ತದೆ. ಎಂಟು ಗಂಟೆ ಕಳೆದರೂ ಮಗು ಮೂತ್ರ ಮಾಡದಿದ್ದರೆ, ಬಾಯಿ ಒಣಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಕುತ್ತಿಗೆ ಬಗ್ಗಿಸಲಾಗದಿರುವುದು, ಎಳೆಮಗುವಿನ ನೆತ್ತಿ ಉಬ್ಬಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಇವು ತುರ್ತು ಚಿಹ್ನೆಗಳು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚುಕ್ಕೆಗಳು ಸುಲಭವಾಗಿ ಕಾಣವು. ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ ನೋಡಿ.

ಜ್ವರ ಬಿಟ್ಟ ದಿನದ ಅಪಾಯ

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಈ ರೋಗದ ನಡೆ ವಿಚಿತ್ರ. ಮೊದಲ ಕೆಲವು ದಿನ ಜ್ವರ ಉರಿಯುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸರಿಯಾಗಿ ಆಗಲೇ ಕೆಲವು ಮಕ್ಕಳಲ್ಲಿ ರಕ್ತದ ದ್ರವಭಾಗ ಸೂಕ್ಷ್ಮ ರಕ್ತನಾಳಗಳಿಂದ ಹೊರಕ್ಕೆ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಗಂಡಾಂತರ ಇರುವುದು 24ರಿಂದ 48 ಗಂಟೆ. ಜ್ವರ ಬಿಟ್ಟ ಮೇಲೆ ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಒಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ, ಕೈಕಾಲು ತಣ್ಣಗೆ ಬೆವತು ಮಗು ಮಂಕಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಜವಾಗಿ ಗುಣವಾದ ಮಗು ಹಸಿವೆ ಎನ್ನುತ್ತದೆ; ಇಲ್ಲಿ ಹಾಗಿರುವುದಿಲ್ಲ.

ಮಳೆಗಾಲದಲ್ಲಿ, ಸುತ್ತಮುತ್ತ ಡೆಂಗಿ ಅಥವಾ ಮಲೇರಿಯಾ ಇರುವ ಊರಿನಲ್ಲಿ ಮೂರು ದಿನದ ನಿಯಮಕ್ಕೆ ಜೋತುಬೀಳದೆ ಮೊದಲೇ ರಕ್ತಪರೀಕ್ಷೆ ಮಾಡಿಸಿ. ಮಲೆನಾಡಿನವರು ಇನ್ನೊಂದನ್ನು ನೆನಪಿಡಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ಮಗು ಕಾಡಿಗೆ ಹೋಗಿತ್ತೇ, ಹತ್ತಿರದಲ್ಲಿ ಮಂಗ ಸತ್ತಿದೆಯೇ ಎಂಬುದನ್ನು ಕೇಳುವವರೆಗೆ ಕಾಯದೆ ವೈದ್ಯರಿಗೆ ಹೇಳಿ.

ಔಷಧಿ, ಬಟ್ಟೆ, ಫಿಟ್ಸ್

ಪ್ಯಾರಸಿಟಮಾಲಿನ ಪ್ರಮಾಣ ಮಗುವಿನ ತೂಕದ ಮೇಲಿದೆ: ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ತೊಂದರೆ ಇರುವುದು ಬಾಟಲಿಯಲ್ಲಿ. 10 ಕಿಲೋ ಮಗುವಿಗೆ ಬೇಕಾದ 150 ಮಿಲಿಗ್ರಾಂ ಔಷಧಿ, 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 6 ಮಿಲಿಲೀಟರ್. 250 ಇರುವ ಸಿರಪ್ಪಿನಲ್ಲಿ 3. ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ. ಡ್ರಾಪ್ಸನ್ನು ಸಿರಪ್ಪಿನಂತೆ ಚಮಚದಲ್ಲಿ ಕೊಟ್ಟರೆ ಯಕೃತ್ತಿಗೇ ಪೆಟ್ಟು. ಪ್ರತಿ ಸಲವೂ ಚೀಟಿ ಓದಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೆನ್ ಕೂಡ ಬೇಡ, ರಕ್ತಸ್ರಾವ ಹೆಚ್ಚೀತು.

ಜ್ವರದ ಮಗುವಿಗೆ ಕಂಬಳಿ ಹೊದಿಸುವುದೂ ತಪ್ಪು, ತಣ್ಣೀರಿನಲ್ಲಿ ಅದ್ದುವುದೂ ತಪ್ಪು. ತಣ್ಣೀರು ಬಿದ್ದರೆ ಮೈ ನಡುಗಿ ಒಳಗಿನ ಬಿಸಿ ಇನ್ನಷ್ಟು ಏರುತ್ತದೆ. ತೆಳು ಹತ್ತಿಬಟ್ಟೆ, ಗಾಳಿಯಾಡುವ ಕೋಣೆ ಸಾಕು. ಉಪವಾಸ ಕೆಡವಬೇಡಿ. ಎದೆಹಾಲು ಕುಡಿಯುವ ಕೂಸಿಗೆ ಆಗಾಗ ಹಾಲೂಡಿ. ದೊಡ್ಡವಕ್ಕೆ ಗಂಜಿತಿಳಿ, ಮಜ್ಜಿಗೆ, ಎಳನೀರು ಗುಟುಕು ಗುಟುಕಾಗಿ ಹೋಗುತ್ತಿರಲಿ.

ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದೊಡನೆ ಫಿಟ್ಸ್ ಬರುತ್ತದೆ. ನೋಡುವವರ ಜೀವ ಬಾಯಿಗೆ ಬಂದರೂ ಬಹುಪಾಲು ಮಕ್ಕಳಿಗೆ ಅದರಿಂದ ಶಾಶ್ವತ ಹಾನಿಯಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕದೆ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ, ಮೊದಲ ಸಲ ಬಂದದ್ದಾದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಹೊರಡುವ ಮುನ್ನ ಒಂದು ಕಾಗದದಲ್ಲಿ ಜ್ವರ ಶುರುವಾದ ದಿನ ಮತ್ತು ಹೊತ್ತು, ಅಳೆದ ಅಂಕಿಗಳು, ಕೊನೆಯ ಸಲ ಮೂತ್ರ ಮಾಡಿದ ಸಮಯ, ಕೊಟ್ಟ ಔಷಧಿ ಎಷ್ಟು ಎಂಬುದನ್ನು ಬರೆದುಕೊಳ್ಳಿ. ಔಷಧಿಯ ಬಾಟಲಿ ಮತ್ತು ಲಸಿಕೆಯ ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳಿ.