ಚೆಲುವಿಯ ಕೊನೆ ಸರಿಯಾಗಿಯೇ ಇದೆ

ಹೋದ ತಿಂಗಳು ಹಿಂದಿ ಟೀಚರ್ ನಮಗೆ ‘ಚೆಲುವಿ’ ಸಿನಿಮಾ ತೋರಿಸಿದರು. ಮುಗಿದ ಕೂಡಲೇ ಕ್ಲಾಸಿನಲ್ಲಿ ಎರಡು ಪಾರ್ಟಿ ಆಯಿತು. “ಇದೆಂಥ ಕೊನೆ, ಬರೀ ಮೋಸ” ಎಂದವರೇ ಜಾಸ್ತಿ. ಸರಿ ಎಂದವರು ನಾವು ಮೂರೇ ಜನ. ಆ ಗಲಾಟೆಯಲ್ಲಿ ನನಗೆ ಹೇಳಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಹೇಳುತ್ತೇನೆ. ಇದು ಕನ್ನಡದ್ದೇ ಜನಪದ ಕಥೆ, ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಒಬ್ಬ ಬಡ ಹುಡುಗಿ ಹೂವಿನ ಮರ ಆಗಬಲ್ಲಳು. ಒಂದು ಬಿಂದಿಗೆ ನೀರು ಸುರಿದರೆ ಮರ. ಹೂ ಕೊಯ್ದ ಮೇಲೆ ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಆದರೆ ಕೊಂಬೆ ಮುರಿಯಬಾರದು. ಮುರಿದರೆ ಅವಳ ಕೈಕಾಲೇ ಹೋದ ಹಾಗೆ. ದೊಡ್ಡ ಮನೆಯ ಹುಡುಗ ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ಅವನ ತಂಗಿ ಗೆಳತಿಯರ ಜೊತೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ ಮರವಾಗಲು ಹಠ ಹಿಡಿಯುತ್ತಾಳೆ. ಎಲ್ಲರೂ ಕೊಂಬೆ ಮುರಿದು ಓಡಿಹೋಗುತ್ತಾರೆ.

ಆಮೇಲೆ ಎರಡೂ ಬೇರೆ ಬೇರೆ. ಜನಪದ ಕಥೆಯಲ್ಲಿ ಗಂಡ ಅವಳನ್ನು ಮತ್ತೆ ಮರ ಮಾಡಿ, ಮುರಿದದ್ದನ್ನೆಲ್ಲ ಜೋಡಿಸಿ, ನೀರು ಸುರಿಯುತ್ತಾನೆ. ಹುಡುಗಿ ಮೊದಲಿನಂತಾಗುತ್ತಾಳೆ. ಗಿರೀಶ್ ಕಾರ್ನಾಡರು 1992ರಲ್ಲಿ ಹಿಂದಿಯಲ್ಲಿ ಸಿನಿಮಾ ಮಾಡಿದಾಗ ಹಾಗೆ ಮಾಡಲಿಲ್ಲ. ಆ ಕೊಂಬೆಗಳು ಸಿಗುವುದೇ ಇಲ್ಲ. ಕಾಡೇ ಕಡಿದುಹೋಗಿದೆ. ಆ ವರ್ಷದ ರಾಷ್ಟ್ರ ಪ್ರಶಸ್ತಿಗಳಲ್ಲಿ ಪರಿಸರದ ಚಿತ್ರಕ್ಕೆ ಕೊಡುವ ಪ್ರಶಸ್ತಿ ಇದಕ್ಕೇ ಬಂತು.

“ಮಾಯ ಇದೆಯಲ್ಲ, ಸರಿ ಮಾಡಬಹುದಿತ್ತು” ಎಂಬುದು ನಮ್ಮ ಕ್ಲಾಸಿನವರ ವಾದ. ಸುಖವಾಗಿ ಮುಗಿದರೂ ತಪ್ಪಿಲ್ಲ, ಒಪ್ಪುತ್ತೇನೆ. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದೇ ಕಥೆಯನ್ನು ಹಾಡಿನ ನಾಟಕ ಮಾಡಿದಾಗಲೂ ಹುಡುಗಿ ಸರಿಯಾಗುತ್ತಾಳಂತೆ. ಆದರೆ ಮುರಿಯಬಾರದು ಅಂತ ಮೊದಲೇ ಹೇಳಿದ್ದಾರಲ್ಲ? ಮುರಿದರೂ ಏನೂ ಆಗುವುದಿಲ್ಲ ಅಂದರೆ ಹೇಳಿದ್ದಾದರೂ ಯಾಕೆ?

ನಮ್ಮಪ್ಪ ತೋಟದಲ್ಲಿ ಮರಗಸಿ ಕೆಲಸ ಮಾಡುತ್ತಾರೆ. ಅವರನ್ನು ಕೇಳಿದೆ. “ಚೊಕ್ಕವಾಗಿ ಕಡಿದರೆ ಚಿಗುರ್ತದೆ. ಸಿಗಿದು ಎಳೆದರೆ ಒಳಗೆ ಕೊಳೀತದೆ. ಕಡಿದ ಕೊಂಬೆ ವಾಪಸ್ ಕೂರಿಸಿದವನನ್ನು ನಾನು ನೋಡಿಲ್ಲ” ಎಂದರು. ನಮ್ಮ ಕಡೆ ತೋಟಗಳಲ್ಲಿ ಹಳೇ ಕಾಡುಮರ ಹೋದ ಕಡೆ ಸಿಲ್ವರ್ ಓಕ್ ನೆಡುತ್ತಾರೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಯೂ ಹತ್ತುತ್ತದೆ. ಆದರೆ ಹೋದ ಮರ ಬರಲಿಲ್ಲವಲ್ಲ.

ಹುಡುಗರಿಗೆ ಇನ್ನೊಂದು ಸಿಟ್ಟು, ಆ ನಾದಿನಿಗೆ ಶಿಕ್ಷೆ ಆಗಲಿಲ್ಲ ಅಂತ. ಜನಪದ ಕಥೆಯಲ್ಲಿ ಅವಳನ್ನು ಕುದಿಯುವ ಸುಣ್ಣದ ಗುಂಡಿಗೆ ಹಾಕುತ್ತಾರೆ. ನನಗೆ ಅದು ಬೇಡ. ಸಿನಿಮಾದಲ್ಲಿ ಅವಳು ನಮಗಿಂತ ದೊಡ್ಡವಳೇನಲ್ಲ, ಆಟ ಅಂದುಕೊಂಡೇ ಮುರಿದದ್ದು. ಹೋದ ವರ್ಷ ನಮ್ಮ ಶಾಲೆ ಹಿಂದಿನ ಸಂಪಿಗೆಯ ತಗ್ಗಿನ ಕೊಂಬೆಗೆ ಜೋತುಬಿದ್ದವರಲ್ಲಿ ನಾನೂ ಇದ್ದೆ. ಲಟಕ್ ಅಂದಾಗ ಎಲ್ಲರೂ ನಗುತ್ತಾ ಓಡಿದೆವು. ಯಾರೂ ಬೈಯಲಿಲ್ಲ, ಗಾಳಿಗೆ ಮುರಿಯಿತು ಅಂದುಕೊಂಡರು. ಈ ವರ್ಷ ಆ ಕಡೆ ಹೂವೇ ಇಲ್ಲ. ಸಿನಿಮಾ ನೋಡುವಾಗ ನಾನು ಅತ್ತದ್ದು ಚೆಲುವಿಗೋಸ್ಕರ ಅಂತ ನೀವು ಅಂದುಕೊಂಡಿರಿ.

ನನ್ನ ಬೆಂಚಿನ ಗೆಳತಿ ಇದನ್ನು ಓದಿಯೂ ಒಪ್ಪಿಲ್ಲ. “ಗಂಡ ಇನ್ನೂ ಸ್ವಲ್ಪ ಹುಡುಕಬೇಕಿತ್ತು” ಅನ್ನುತ್ತಾಳೆ. ಅವಳಿಗೆ ಬರೆಯಲು ಇದರ ಕೆಳಗೆ ಜಾಗ ಬಿಟ್ಟಿದ್ದೇನೆ.