ನಿಮಗಿದು ಗೊತ್ತೇ? ಹೊಸ ಕಂಪ್ಯೂಟರಿಗೆ ಕರೆಯದೆ ಬಂದವರು

ಅಂಗಡಿಯಿಂದ ತಂದ ಹೊಸ ಲ್ಯಾಪ್‌ಟಾಪ್ ಖಾಲಿ ಇರುವುದಿಲ್ಲ. ನೀವು ಕೇಳದ ಆ್ಯಂಟಿವೈರಸ್, ಆಟ, ಶಾಪಿಂಗ್ ಆ್ಯಪ್‌ಗಳು ಅದರೊಳಗೆ ಮೊದಲೇ ಕೂತಿರುತ್ತವೆ. ಇವುಗಳಲ್ಲಿ ಎಷ್ಟೋ ತಂತ್ರಾಂಶಗಳಿಗೆ ಆ ಜಾಗ ಸಿಕ್ಕಿದ್ದು ಅವುಗಳ ಕಂಪನಿಗಳು ಲ್ಯಾಪ್‌ಟಾಪ್ ತಯಾರಕರಿಗೆ ಕೊಟ್ಟ ಹಣದಿಂದ.

2008ರಲ್ಲಿ ಸೋನಿ ಕಂಪನಿ ತನ್ನ ಕೆಲವು ವಯೋ ಲ್ಯಾಪ್‌ಟಾಪ್‌ಗಳಿಂದ ಇಂಥ ಸರಕನ್ನು ತೆಗೆದು ಕೊಡಲು ಸುಮಾರು 50 ಡಾಲರ್ ಕೇಳಿತ್ತು! ತಾನೇ ತುಂಬಿದ್ದನ್ನು ತೆಗೆಯಲು ದುಡ್ಡೇ ಎಂದು ಜನ ಸಿಟ್ಟಾದರು, ಶುಲ್ಕ ರದ್ದಾಯಿತು.

ಇವೆಲ್ಲ ನಿರುಪದ್ರವಿ ಎಂದುಕೊಳ್ಳಬೇಡಿ. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಲೆನೊವೊದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶವಿತ್ತು. ಅದು ಬ್ರೌಸರ್‌ಗೂ ಜಾಲತಾಣಕ್ಕೂ ನಡುವೆ ನುಸುಳಿ, ಬ್ಯಾಂಕಿನ ತಾಣದಂಥ ಸುರಕ್ಷಿತ ಪುಟಗಳನ್ನೂ ಬಿಚ್ಚಿ ನೋಡಬಲ್ಲದಾಗಿತ್ತು. ಅದಕ್ಕಾಗಿ ತನ್ನದೇ ಭದ್ರತಾ ಪ್ರಮಾಣಪತ್ರವನ್ನು ವಿಂಡೋಸ್‌ಗೆ ಸೇರಿಸಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಗುಪ್ತ ಕೀಲಿ; 2015ರ ಫೆಬ್ರವರಿಯಲ್ಲಿ ಭದ್ರತಾ ತಜ್ಞರು ಅದನ್ನು ಭೇದಿಸಿ ತೋರಿಸಿದರು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರಮಾಣಪತ್ರ ಮಾತ್ರ ಅಲ್ಲೇ ಉಳಿಯುತ್ತಿತ್ತು! 2017ರಲ್ಲಿ ಅಮೆರಿಕದ 32 ರಾಜ್ಯಗಳೊಡನೆ ರಾಜಿಯಾಗಿ ಲೆನೊವೊ 35 ಲಕ್ಷ ಡಾಲರ್ ತೆರಲು ಒಪ್ಪಿತು.

ವೈರಸ್ ತಡೆಯುವ ಡಿಫೆಂಡರ್ 2012ರ ವಿಂಡೋಸ್ 8ರಿಂದ ವಿಂಡೋಸ್ ಜೊತೆಗೇ ಬರುತ್ತಿದೆ. ಬೇರೆ ಆ್ಯಂಟಿವೈರಸ್ ಹಾಕಿದರೆ ಹಿಂದೆ ಸರಿಯುತ್ತದೆ, ಅದನ್ನು ತೆಗೆದರೆ ತಾನಾಗಿ ಮರಳುತ್ತದೆ. ಅವಧಿ ಮುಗಿಯಿತೆಂದು ದಿನವೂ ಹೆದರಿಸುವ ಟ್ರಯಲ್ ಆವೃತ್ತಿಯನ್ನು ಧೈರ್ಯವಾಗಿ ತೆಗೆಯಿರಿ. ಮನೆಬಳಕೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ.

ಬೇಡದ್ದನ್ನು ತೆಗೆಯಲು ‘ಕ್ಲೀನರ್’ಗಳ ಮೊರೆ ಹೋಗುವ ಮುನ್ನವೂ ಯೋಚಿಸಿ. ಕಂಪ್ಯೂಟರಿನ ಕಸ ಗುಡಿಸುವ ‘ಸಿಕ್ಲೀನರ್’ನ ಒಂದು ಆವೃತ್ತಿಯಲ್ಲೇ 2017ರಲ್ಲಿ ಹ್ಯಾಕರ್‌ಗಳು ಕಳ್ಳ ಕೋಡ್ ಸೇರಿಸಿದ್ದರು. ಅದು 22 ಲಕ್ಷಕ್ಕೂ ಹೆಚ್ಚು ಜನರ ಕಂಪ್ಯೂಟರ್ ಸೇರಿತ್ತು. ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯನ್ನು ಗುಡಿಸುವ ಕ್ಲೀನರ್‌ಗಳ ಬಳಕೆಯನ್ನಂತೂ ಮೈಕ್ರೋಸಾಫ್ಟ್ ಬೆಂಬಲಿಸುವುದೇ ಇಲ್ಲ.

ಇನ್‌ಸ್ಟಾಲ್ ಆದ ತಂತ್ರಾಂಶಗಳ ಪಟ್ಟಿಯಲ್ಲಿ ‘ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ನಾಲ್ಕಾರು ಸಲ ಕಂಡರೆ ಮುಟ್ಟಬೇಡಿ. ಒಂದೊಂದು ಆವೃತ್ತಿಯನ್ನು ಒಂದೊಂದು ತಂತ್ರಾಂಶ ನೆಚ್ಚಿಕೊಂಡಿರುತ್ತದೆ.

ಹಿಂದೆ ಜಾಲತಾಣಗಳ ವಿಡಿಯೊ, ಆಟಗಳಿಗೆ ಬೇಕಿದ್ದ ಫ್ಲ್ಯಾಷ್ ಪ್ಲೇಯರ್‌ಗೆ ಅಡೋಬಿಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಈಗ ಯಾವುದೇ ತಾಣ ‘ಫ್ಲ್ಯಾಷ್ ಹಾಕಿಕೊಳ್ಳಿ’ ಎಂದರೆ ಅದು ಮೋಸ.

ಕುಗ್ಗಿಸಿದ ಕಡತಗಳನ್ನು ಬಿಚ್ಚುವ ವಿನ್‌ರಾರ್‌ನ ಉಚಿತ ಅವಧಿ 40 ದಿನ. ವಿಂಡೋಸ್ 11ಕ್ಕೆ ರಾರ್ ಕಡತ ಬಿಚ್ಚಲು ಅದೂ ಬೇಡ; ಆ ಸೌಲಭ್ಯ 2023ರಲ್ಲಿ ಒಳಗೇ ಸೇರಿದೆ.

ಕನ್ನಡ ಟೈಪಿಸಲೂ ಈಗ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. 2019ರಿಂದ ಫೊನೆಟಿಕ್ ಕೀಲಿಮಣೆಯೂ ಇದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿದವರು ‘ನುಡಿ’ ತಂತ್ರಾಂಶ ಹಾಕಿಕೊಳ್ಳಲಿ.

ಆದರೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ ಒಂದು ಕೆಲಸ ಬಾಕಿ ಇದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ! ಅಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅಪ್ಪ ಬರೆದ ನಾಟಕವೂ ಸಂಘದ ನಡಾವಳಿಯೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕಡತ ಹಾಳಾಗಿದೆಯೆಂದು ಯಾರಾದರೂ ಇಂಥ ಬರಹವನ್ನು ಅಳಿಸಿಬಿಟ್ಟಿದ್ದರೆ ಎಂದು ನೆನೆದರೇ ಸಂಕಟವಾಗುತ್ತದೆ. ಹಳೆಯ ಯಂತ್ರದ ವಿಂಡೋಸ್ ಫಾಂಟ್ಸ್ ಫೋಲ್ಡರ್‌ನಿಂದ ಆ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿ, ಹೊಸದರಲ್ಲಿ ಹಾಕಿ; ಆಗ ಓದಲು ಬರುತ್ತದೆ. ಬಳಿಕ ಪರಿವರ್ತಕ ತಂತ್ರಾಂಶದ ನೆರವಿನಿಂದ, ಎಲ್ಲ ಕಂಪ್ಯೂಟರ್‌ಗಳೂ ಅರಿಯುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳು ಕೆಟ್ಟಿದ್ದರೆ ತಿದ್ದಿ. ಅಷ್ಟೂ ಮುಗಿಯುವವರೆಗೆ ಮೂಲ ಕಡತವನ್ನು ಅಳಿಸಬೇಡಿ.